ರಾಯರಿಗೊಂದು ಬಾಂಡು

ನಮ್ಮ ಪಕ್ಕದ ಮನೆಯ ರಾಯರು ಬಾಂಡ್ ಕೊಳ್ಳಬೇಕೆಂದು ಮೊದಲ ಸಲ ಬಾಯಿಬಿಟ್ಟಾಗ ಅವರ ಹೆಂಡತಿ ಪದ್ದಮ್ಮನವರಿಗೆ ಬಹಳ ಸಂತೋಷವಾಯಿತಂತೆ. "ಎಷ್ಟು ವರ್ಷದ್ದು ರೀ? ಬಡ್ಡಿ ವರ್ಷಾವರ್ಷ ಕೊಡ್ತಾರೋ, ಕೊನೇಲಿ ಒಟ್ಟಿಗೇನೋ?" ಎಂದು ಕೇಳಿದರಂತೆ. ನಮ್ಮ ಕಡೆ ಬಾಂಡ್ ಎಂದರೆ ಎರಡೇ. ಒಂದು ಎಲ್‌ಐಸಿಯದು, ಬೀರುವಿನಲ್ಲಿ ರೇಷ್ಮೆ ಸೀರೆಯ ಅಡಿ ಮಲಗಿರುವಂಥದು. ಇನ್ನೊಂದು ಛಾಪಾ ಕಾಗದದ್ದು, ಮನೆ ಬಾಡಿಗೆಗೆ ಕೊಡುವಾಗ ಬರೆಸುವಂಥದು. ಜೇಮ್ಸ್ ಎಂಬ ಮೂರನೆಯ ಬಗೆಯ ಬಾಂಡೂ ಒಂದಿದೆ, ಅದಕ್ಕೆ ಬಡ್ಡಿಯಿಲ್ಲ, ಮೆಚ್ಯೂರಿಟಿಯೂ ಇಲ್ಲ ಎಂದು ತಿಳಿದ ಮೇಲೆ ಆಕೆ ಮಾತಾಡದೆ ಎದ್ದುಹೋಗಿ, ಆವತ್ತಿನ ಸಾರಿನ ಒಗ್ಗರಣೆಯನ್ನು ಬೀದಿಗೆಲ್ಲ ಕೇಳಿಸುವಂತೆ ಹಾಕಿದರಂತೆ.

ಇದು 2006ರ ಮಾತು. ರಾಯರು ಇನ್ನೂ ಕೊಂಡಿಲ್ಲ.

ರಾಯರು ರಾಷ್ಟ್ರೀಕೃತ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಸವೆದು ನಿವೃತ್ತರಾದವರು. ಅವರು ಮ್ಯಾನೇಜರಾಗಿದ್ದ ಶಾಖೆಯಲ್ಲಿ ವಸೂಲಾಗದ ಸಾಲ ಅನ್ನುವುದೇ ಇರಲಿಲ್ಲ. ಯಾಕೆಂದರೆ ಸಾಲ ಅನ್ನುವುದೇ ಇರಲಿಲ್ಲ. ಎಮ್ಮೆ ಕೊಳ್ಳಲು ಅರ್ಜಿ ಹಾಕಿದವನೊಬ್ಬ, ರಾಯರ ಪರಿಶೀಲನೆ ಮುಗಿಯುವಷ್ಟರಲ್ಲಿ, ಕೈಸಾಲ ಮಾಡಿ ಎಮ್ಮೆ ಕೊಂಡು, ಅದು ಎರಡು ಸಲ ಈದು, ಅದರ ಹಾಲನ್ನು ರಾಯರ ಮನೆಗೇ ವರ್ತನೆ ಹಾಕುತ್ತಿದ್ದನಂತೆ. ಆ ಹಾಲಿನ ಕಾಫಿ ಕುಡಿದುಕೊಂಡೇ ರಾಯರು ಅರ್ಜಿಯ ಮೇಲೆ "ಎಮ್ಮೆಯ ಬಗ್ಗೆ ಇನ್ನಷ್ಟು ವಿವರ ಬೇಕು" ಎಂದು ಷರಾ ಬರೆದರಂತೆ.

ಗಾಂಧಿ ಬಜಾರಿನಲ್ಲಿ ಅವರು ಅವರೇಕಾಯಿ ಕೊಳ್ಳುವುದನ್ನು ನೋಡಬೇಕು. ಒಂದು ಕಾಯಿ ಎತ್ತಿ ಮೂಸುತ್ತಾರೆ. ಸೊಗಡು ಸಾಲದು. ಮುಂದಿನ ರಾಶಿ. ಅಲ್ಲಿ ಸೊಗಡಿದೆ, ರೇಟು ಹೆಚ್ಚು. ಮೂರನೆಯ ರಾಶಿಯಲ್ಲಿ ಎರಡೂ ಸರಿಯಿದ್ದರೆ ಅನುಮಾನ. ಒಂದು ಸುತ್ತು ಮುಗಿಸಿ ಮೊದಲನೆಯವಳ ಬಳಿ ಬರುವ ಹೊತ್ತಿಗೆ ಅವಳು ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಟಿರುತ್ತಾಳೆ. ರಾಯರು ಅದಕ್ಕಾಗಿ ಬೇಸರಪಡುವುದಿಲ್ಲ. "ನೋಡಿದ್ರಾ, ಅವಳದ್ದೇ ಒಳ್ಳೇ ಮಾಲು" ಎಂದು ತಮ್ಮ ಪರಿಶೀಲನೆ ಸರಿಯಾಗಿತ್ತೆಂದು ತೃಪ್ತಿಪಡುತ್ತಾರೆ.

ಅಂಥವರು ಬಾಂಡ್ ಸಿನಿಮಾಗಳ ಪೆಟ್ಟಿಗೆಯನ್ನು ಸುಮ್ಮನೆ ಕೊಂಡುಬಿಡುತ್ತಾರೆಯೆ? ಒಂದು ಕಡತ ತೆರೆದರು. ಕಂದು ರಟ್ಟು, ಕೆಂಪು ಟ್ಯಾಗು, ಮೇಲೆ ದುಂಡಗಿನ ಅಕ್ಷರದಲ್ಲಿ "ವಿಷಯ: ಗೂಢಚಾರ ಚಲನಚಿತ್ರಗಳ ಸಂಪುಟ ಖರೀದಿ." ಮೊದಲ ಹಾಳೆಯಲ್ಲಿ ಕೆಂಪು ಶಾಯಿ: "ಮೂರು ಕೊಟೇಷನ್ ಕಡ್ಡಾಯ."

ಆಗ ಬಂದಿದ್ದುದು 20 ಚಿತ್ರಗಳ ಡಿವಿಡಿ. 1962ರ ಡಾಕ್ಟರ್ ನೋದಿಂದ 2002ರ ಡೈ ಅನದರ್ ಡೇ ತನಕ, ಹಳೆಯ ರೀಲುಗಳ ಒಂದೊಂದು ಚೌಕಟ್ಟನ್ನೂ ತೊಳೆದು ಬಳಿದು ಹೊಸದು ಮಾಡಿದ್ದು. ರಾಯರು ಮೂರನೆಯ ಕೊಟೇಷನ್‌ಗೆ ಕಾಯುತ್ತಿರುವಾಗಲೇ ಅದೇ ವರ್ಷ ಕ್ಯಾಸಿನೋ ರಾಯಲ್ ಬಿಡುಗಡೆಯಾಯಿತು. ಇಪ್ಪತ್ತೊಂದನೆಯದು ಬಂದ ಮೇಲೆ ಇಪ್ಪತ್ತರ ಪೆಟ್ಟಿಗೆ ಕೊಳ್ಳುವುದು ಹೇಗೆ? ಕಾದರು. 2008ರಲ್ಲಿ ಇಪ್ಪತ್ತೆರಡನೆಯದು ಬಂತು. 2012ರಲ್ಲಿ ಬಾಂಡನ ಐವತ್ತರ ಹಬ್ಬಕ್ಕೆ 22 ಚಿತ್ರಗಳ ಬ್ಲೂ-ರೇ ಪೆಟ್ಟಿಗೆ ಬಂತು. ಅದರಲ್ಲಿ, ಆಗಿನ್ನೂ ತೆರೆ ಕಾಣದಿದ್ದ ಸ್ಕೈಫಾಲ್‌ಗೆಂದು ಒಂದು ಖಾಲಿ ಗೂಡನ್ನೂ ಬಿಟ್ಟಿದ್ದರು.

"ಇದು ಯಾವ ವ್ಯಾಪಾರ ಸ್ವಾಮಿ?" ಎಂದು ರಾಯರು ಆವತ್ತು ನಮ್ಮ ಮನೆಯ ಜಗಲಿಗೆ ಬಂದು ಕೂತರು. "ಇಡ್ಲಿ ತಟ್ಟೇಲಿ ಒಂದು ಗುಳಿ ಖಾಲಿ ಬಿಟ್ಟು, ಹಿಟ್ಟು ಆಮೇಲೆ ನೀವೇ ತಂದು ಹುಯ್ಕೊಳ್ಳಿ ಅಂದ್ಹಾಗಾಯ್ತು."

"ಸ್ಕೈಫಾಲ್ ಬಂದ್ಮೇಲೆ ತಗೊಳ್ಳಿ ಹಾಗಾದ್ರೆ."

"ಬಂದ್ಮೇಲೆ ಇನ್ನೊಂದು ಬರುತ್ತಲ್ಲ!"

ಬಂತು. 2015ರಲ್ಲಿ ಸ್ಪೆಕ್ಟರ್, 2021ರಲ್ಲಿ ನೋ ಟೈಮ್ ಟು ಡೈ. ಒಟ್ಟು 25. ಕೊನೆಯದರಲ್ಲಿ ಬಾಂಡ್ ಸತ್ತೇಹೋದಾಗ ಪದ್ದಮ್ಮನವರು, "ಸದ್ಯ, ಇನ್ನು ಬರಲ್ಲ, ತಗೊಂಡ್ಬಿಡಿ" ಎಂದರು. ರಾಯರು ಹದಿಮೂರು ದಿನ ಕಾಯುವವರ ಹಾಗೆ ಕಾದರು. 2025ರಲ್ಲಿ ಇಪ್ಪತ್ತಾರನೆಯದನ್ನು ಡೆನಿ ವಿಲ್ನೌವ್ ನಿರ್ದೇಶಿಸುತ್ತಾರೆಂದು ಸುದ್ದಿ ಬಂತು. ಆ ಸಂಜೆ ರಾಯರ ಮುಖದಲ್ಲಿ, ತುಟ್ಟಿಭತ್ಯೆ ಏರಿದ ದಿನ ಕಾಣುವಂಥ ಕಳೆಯಿತ್ತು.

ಕೊಳ್ಳಲಿಲ್ಲ ಎಂದಮಾತ್ರಕ್ಕೆ ರಾಯರಿಗೆ ವಿಷಯ ಗೊತ್ತಿಲ್ಲವೆಂದು ತಿಳಿಯಬಾರದು. ಕೊಂಡವರಿಗೆ ಇಷ್ಟು ಗೊತ್ತಿರುವುದಿಲ್ಲ. ಆರು ಜನ ಬಾಂಡರ ಲೆಡ್ಜರ್ ಅವರ ಕಡತದಲ್ಲಿದೆ. ಶಾನ್ ಕಾನರಿ: ಐದು ಕಂತು ಕಟ್ಟಿ 1967ರಲ್ಲಿ ಖಾತೆ ಮುಚ್ಚಿದ, 1971ರಲ್ಲಿ ವಾಪಸ್ ಬಂದು ಇನ್ನೊಂದು ಕಟ್ಟಿದ. ಜಾರ್ಜ್ ಲೇಜನ್‌ಬಿ: ಒಂದೇ ಕಂತು, 1969, ಆಮೇಲೆ ಪತ್ತೆಯಿಲ್ಲ. ರೋಜರ್ ಮೂರ್: ಏಳು ಕಂತು, ಒಂದೂ ತಪ್ಪಿಸಿಲ್ಲ, ನಗುನಗುತ್ತಾ ಕಟ್ಟಿದ, ಇಂಥ ಗಿರಾಕಿ ಶಾಖೆಗೊಬ್ಬರಿರಬೇಕು. ಟಿಮೊಥಿ ಡಾಲ್ಟನ್: ಎರಡೇ, ಆದರೆ ಒಳ್ಳೆ ಪಾರ್ಟಿ. ಪಿಯರ್ಸ್ ಬ್ರಾಸ್ನನ್: ನಾಲ್ಕು. ಡೇನಿಯಲ್ ಕ್ರೇಗ್: ಐದು, ಪ್ರತಿ ಸಲ ಗಾಯ ಮಾಡಿಕೊಂಡೇ ಬರುತ್ತಿದ್ದ.

ಈ ಲೆಡ್ಜರಿನಿಂದ ಹೊರಟ ತಕರಾರುಗಳೇ ಹಲವು. ಲೇಜನ್‌ಬಿಯನ್ನು ತೆಗೆದು ಉಳಿದದ್ದಕ್ಕೆ ರೇಟು ಹೇಳಿ ಎಂದು ಅಂಗಡಿಯವನೊಬ್ಬನನ್ನು ಅವರು ಕೇಳಿದ್ದುಂಟು. ಕ್ವಾಂಟಮ್ ಆಫ್ ಸೋಲೇಸ್ ಬರೀ 106 ನಿಮಿಷದ್ದು, ಎಲ್ಲಕ್ಕಿಂತ ಗಿಡ್ಡ, ಅದನ್ನು ಕೊಸರಿಗೆ ಹಾಕಬೇಕು ಎಂದು ವಾದಿಸಿದ್ದೂ ಉಂಟು. ಅಂಗಡಿಯವನು "ಸಾರ್, ಇದು ಕೊತ್ತಂಬರಿ ಸೊಪ್ಪಲ್ಲ" ಎಂದನಂತೆ. ಇನ್ನೊಂದು ದೊಡ್ಡ ಆಕ್ಷೇಪಣೆ 1983ರದು. ಆ ವರ್ಷ ಆಕ್ಟೋಪಸಿಯ ಜೊತೆಗೇ ನೆವರ್ ಸೇ ನೆವರ್ ಅಗೇನ್ ಎಂಬ ಇನ್ನೊಂದು ಬಾಂಡ್ ಚಿತ್ರ ಬಂತು, ಅದೂ ಕಾನರಿಯದೇ. ಥಂಡರ್‌ಬಾಲ್ ಕಥೆಯ ಹಕ್ಕಿನ ವ್ಯಾಜ್ಯದಲ್ಲಿ ಹುಟ್ಟಿದ ದಾಯಾದಿ ಅದು, ಬೇರೆಯವರ ನಿರ್ಮಾಣ. ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. "ಪಾಲು ಸರಿಯಾಗಿ ಆಗದ ಆಸ್ತಿ ಮೇಲೆ ಕೈಹಾಕ್ಬಾರ್ದು" ಎಂದು ರಾಯರು ಒಂದು ವರ್ಷವನ್ನು ಈ ಒಂದೇ ಅಂಶದ ಮೇಲೆ ಕಳೆದರು.

ಆಕ್ಟೋಪಸಿಗೆ ಮಾತ್ರ ಅವರು ವಿಶೇಷ ಅಂಕ ಕೊಟ್ಟಿದ್ದಾರೆ. ಉದಯಪುರದಲ್ಲಿ ತೆಗೆದದ್ದು, ಖಳನ ಬಂಟನಾಗಿ ಕಬೀರ್ ಬೇಡಿ, ಬಾಂಡನ ಕಡೆಯವನಾಗಿ ನಮ್ಮ ಟೆನಿಸ್‌ನ ವಿಜಯ್ ಅಮೃತರಾಜ್, ರ‍್ಯಾಕೆಟ್ಟಿನಲ್ಲೇ ಪುಂಡರಿಗೆ ಬಾರಿಸುತ್ತಾರೆ. ಬಾಂಡನನ್ನು ಆಟೋದಲ್ಲಿ ಕೂರಿಸಿ ಸಂತೆಯ ನಡುವೆ ಹಾರಿಸಿಕೊಂಡು ಹೋಗುತ್ತಾರೆ. ರಾಯರ ಟಿಪ್ಪಣಿ: "ಕರೆದ ತಕ್ಷಣ ಆಟೋ ಬಂದಿದೆ, ಡ್ರೈವರ್ ಎಲ್ಲಿಗೆ ಎಂದು ಕೇಳಿಲ್ಲ, ಒಂದೂವರೆ ಕೊಡಿ ಅಂದಿಲ್ಲ. ಇಡೀ ಸರಣಿಯಲ್ಲಿ ನಂಬಲಾಗದ ದೃಶ್ಯ ಇದೇ."

ಒಮ್ಮೆ ನ್ಯೂಜೆರ್ಸಿಯಲ್ಲಿರುವ ಮಗ, "ಅಪ್ಪ, ಬರ್ತಾ ನಾನೇ ತರ್ತೀನಿ ಬಿಡು" ಎಂದ. ಎಲ್ಲ ಮುಗಿದೇಹೋಯಿತೆಂದು ನಾವು ಅಂದುಕೊಂಡೆವು. ರಾಯರು ಬಗ್ಗಲಿಲ್ಲ. ಅಮೆರಿಕದ ಡಿವಿಡಿ ಒಂದನೆಯ ವಲಯದ್ದು, ನಮ್ಮ ಪ್ಲೇಯರ್ ಐದನೆಯ ವಲಯದ್ದು. ಬ್ಲೂ-ರೇ ಆದರೆ ಅವರದು ಎ, ನಮ್ಮದು ಸಿ. ಅಲ್ಲಿಯ ತಟ್ಟೆ ಇಲ್ಲಿ ಓಡುತ್ತದೆಂಬ ಭರವಸೆಯಿಲ್ಲ. ಇದನ್ನು ಅವರು ಪದ್ದಮ್ಮನವರಿಗೆ ಅರ್ಥಮಾಡಿಸಿದ್ದು ಹೀಗೆ: "ಮದ್ವೆಗೆ ಸಗೋತ್ರ ಆಗ್ಬಾರ್ದು ಅಂತೀವಲ್ಲ, ಇದು ಉಲ್ಟಾ. ಸಗೋತ್ರ ಆದ್ರೇನೇ ಕೂಡೋದು."

"ಹಾಗಾದ್ರೆ ಆನ್‌ಲೈನಲ್ಲೇ ನೋಡು" ಎಂದ ಮಗ.

"ಬಾಡಿಗೆ ಮನೆ ಕಣೋ ಅದು. ಮಾಲೀಕ ಬದಲಾದ್ರೆ ಪಾತ್ರೆ ಪಡಗ ಬೀದಿಗೆ" ಎಂದರು ರಾಯರು. 2022ರಲ್ಲಿ ಬಾಂಡ್ ಚಿತ್ರಗಳ ಎಂಜಿಎಂ ಕಂಪನಿಯನ್ನು ಅಮೆಜಾನ್ ಕೊಂಡಾಗ ಆ ಸುದ್ದಿಯನ್ನು ಕತ್ತರಿಸಿ ಕಡತಕ್ಕೆ ಅಂಟಿಸಿದರು. "ಅವರೆಷ್ಟು ಬೇಗ ಕೊಂಡ್ರು ನೋಡಿ" ಎಂದು ಪದ್ದಮ್ಮನವರು ಅಂದದ್ದನ್ನು ಮಾತ್ರ ಕಡತದಲ್ಲಿ ದಾಖಲಿಸಿಲ್ಲ.

ದಾಖಲಾಗದ ಇನ್ನೊಂದು ಅಂಶವನ್ನು ರಾಯರು ನನಗೆ ಮಾತ್ರ, ಬಾಗಿಲ ಕಡೆ ಒಂದು ಕಣ್ಣಿಟ್ಟು ಹೇಳಿದ್ದಾರೆ. 2015ರಲ್ಲಿ ಸ್ಪೆಕ್ಟರ್ ಇಲ್ಲಿಗೆ ಬಂದಾಗ ಸೆನ್ಸಾರಿನವರು ಮುತ್ತಿನ ದೃಶ್ಯಗಳನ್ನು ಅರ್ಧಕ್ಕೆ ಕತ್ತರಿಸಿದ್ದರು. "ಮುತ್ತು ಅರ್ಧ, ಟಿಕೆಟ್ ಪೂರ್ತಿ. ಗ್ರಾಹಕರ ಕೋರ್ಟಿಗೆ ಹೋಗ್ಬೇಕಾದ ಕೇಸು" ಎಂದರು. ಉಳಿದರ್ಧಕ್ಕಾಗಿಯಾದರೂ ಪೆಟ್ಟಿಗೆ ಬೇಕು. ಟಿಪ್ಪಣಿಯಲ್ಲಿ ಈ ಅಂಶ "ಮೂಲಪ್ರತಿಯೊಂದಿಗೆ ತಾಳೆ ನೋಡುವ ಅಗತ್ಯ" ಎಂದಷ್ಟೇ ಇದೆ.

ಬಾಂಡ್ ಏನನ್ನೂ ಅರೆಕ್ಷಣದಲ್ಲಿ ನಿರ್ಧರಿಸುವವನು, ಅವನನ್ನು ಮೆಚ್ಚುವ ನೀವು ಹೀಗೇಕೆ ಎಂದು ಒಮ್ಮೆ ಕೇಳಿದೆ. ರಾಯರು ಕನ್ನಡಕ ತೆಗೆದು ಒರೆಸಿ, ಎಳೆಯ ಗುಮಾಸ್ತನಿಗೆ ಹೇಳುವಂತೆ ಹೇಳಿದರು: "ಗೋಲ್ಡ್‌ಫಿಂಗರ್ ನೋಡಿದೀರಾ? ಕೊನೇಲಿ ಬಾಂಬ್ ಬಿಚ್ಚಿಟ್ಕೊಂಡು ಯಾವ ತಂತಿ ಕೀಳೋದು ಅಂತ ಗೊತ್ತಾಗ್ದೆ ಒದ್ದಾಡ್ತಾನೆ ನಿಮ್ಮ ಬಾಂಡು. ತಿಳಿದವನೊಬ್ಬ ಬಂದು, ಪಕ್ಕದಿಂದ ಕೈ ಹಾಕಿ, ಟಕ್ ಅಂತ ಸ್ವಿಚ್ ಆರಿಸ್ತಾನೆ. ಗಡಿಯಾರ 007ಕ್ಕೆ ನಿಲ್ಲುತ್ತೆ. ತಜ್ಞರ ಅಭಿಪ್ರಾಯ ಬರೋವರ್ಗೂ ತಂತಿಗೆ ಕೈ ಹಾಕ್ಬೇಡ. ಆ ಸಿನಿಮಾದ ನೀತಿಯೇ ಅದು."

ಅವರು ಬಾಂಡ್ ನೋಡಿದ್ದೆಲ್ಲ ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ, ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್ ಇದ್ದ ಕಾಲದಲ್ಲಿ. ಈಗ ಎರಡೂ ಇಲ್ಲ. ಆದರೆ ಪಿಸ್ತೂಲು ಹಿಡಿದ ಗೂಢಚಾರನನ್ನು ಮೊದಲು ಕಂಡದ್ದು ಊರಿನ ಟೆಂಟಿನಲ್ಲಿ, ಹತ್ತು ವರ್ಷದ ಹುಡುಗನಾಗಿ, ನೆಲದ ಮರಳಿನ ಮೇಲೆ ಕೂತು. 1968ರ ಜೇಡರ ಬಲೆ. ರಾಜಕುಮಾರ್ ಸಿಐಡಿ 999. ದೊರೆ–ಭಗವಾನ್ ಜೋಡಿ ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮರುವರ್ಷ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, ಕೊನೆಗೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್ ತೆಗೆದರು. ಆ ಕೊನೆಯದರಲ್ಲಿ ರಾಜಕುಮಾರ್ ಇಂಗ್ಲಿಷಿನಲ್ಲೇ ಒಂದು ಹಾಡು ಹಾಡಿದ್ದಾರೆ. ಕಡತ ಬರೆಯುವಾಗ ರಾಯರು ಗುನುಗುವುದು ಅದನ್ನೇ. ಒಂದು ಕೈ ಕ್ರೇಗ್‌ನ ಲೆಕ್ಕ ಹಾಕುತ್ತಿರುತ್ತದೆ, ಬಾಯಲ್ಲಿ ಅಣ್ಣಾವ್ರು.

ಹೋದ ತಿಂಗಳು ನನ್ನ ಸೋದರಳಿಯ ಮನೆ ಖಾಲಿ ಮಾಡುತ್ತಿದ್ದ. ಗುಜರಿಗೆ ಹೋಗುವ ರಾಶಿಯಲ್ಲಿ 2012ರ ಆ ಪೆಟ್ಟಿಗೆ ಸಿಕ್ಕಿತು, 22 ಚಿತ್ರ, ಖಾಲಿ ಗೂಡು ಸಮೇತ. ಎತ್ತಿಕೊಂಡು ಬಂದು ರಾಯರ ಮುಂದಿಟ್ಟೆ. ಅವರು ಕುಣಿದಾಡುತ್ತಾರೆಂದುಕೊಂಡಿದ್ದ ನಾನೇ ಪೆದ್ದ. ಮುಖ ಬಿಳಿಚಿಕೊಂಡಿತು.

"ಎಷ್ಟು ಕೊಟ್ರಿ?"

"ಸುಮ್ನೆ ಸಿಕ್ತು."

"ಸುಮ್ನೇನಾ?" ಎಂದು ಕಡತವನ್ನು ನೋಡಿದರು. ಇಪ್ಪತ್ತು ವರ್ಷದ ಟಿಪ್ಪಣಿಗಳು, ಅಂಕಗಳು, ಆಕ್ಷೇಪಣೆಗಳು, ಎರಡು ಕೊಟೇಷನ್. ಬಾರದ ಮೂರನೆಯದಕ್ಕೆ ಬಿಟ್ಟಿದ್ದ ಖಾಲಿ ಹಾಳೆ. ಸಾಲ ಕೇಳಲು ಬಂದವನು, ಬೇಡ ಸಾರ್, ಲಾಟರಿ ಹೊಡೀತು ಎಂದು ಅರ್ಜಿ ಹಿಂತೆಗೆದುಕೊಂಡಂತಾಗಿತ್ತು ಅವರಿಗೆ. ನನಗೆ ಒಂದು ಕ್ಷಣ, ಪೆಟ್ಟಿಗೆ ವಾಪಸ್ ಒಯ್ದುಬಿಡಲೇ ಅನ್ನಿಸಿತು.

ಪದ್ದಮ್ಮನವರು ಕಾಫಿ ತಂದವರು ಪೆಟ್ಟಿಗೆ ನೋಡಿ, "ಇದನ್ನ ಹಾಕೋದು ಎಲ್ಲಿ? ಆ ಪ್ಲೇಯರನ್ನ ಹೋದ ವರ್ಷಾನೇ ಕೊಟ್ಟು ಸ್ಟೀಲ್ ಡಬ್ಬ ತಗೊಂಡ್ನಲ್ಲ" ಎಂದರು. ರಾಯರು ನಿಧಾನವಾಗಿ ತಲೆಯೆತ್ತಿದರು. ಕಣ್ಣಿಗೆ ಬೆಳಕು ಬಂತು.

ವಾರ ಬಿಟ್ಟು ಹೋದಾಗ ಮೇಜಿನ ಮೇಲೆ ಹೊಸ ಕಡತವಿತ್ತು. "ವಿಷಯ: ಬ್ಲೂ-ರೇ ಪ್ಲೇಯರ್ ಖರೀದಿ. ಮೂರು ಕೊಟೇಷನ್ ಕಡ್ಡಾಯ." ರಾಯರು ಲವಲವಿಕೆಯಿಂದಿದ್ದರು. ಗಾಜಿನ ಬೀರುವಿನಲ್ಲಿ, ಮೈಸೂರಿನ ಆನೆಗಳ ಪಕ್ಕದಲ್ಲಿ ಬಾಂಡ್ ಪೆಟ್ಟಿಗೆ. ತೆಗೆದು ಬಿಡಿಸಿ ನೋಡಿದೆ. ಸ್ಕೈಫಾಲ್‌ಗೆಂದು ಬಿಟ್ಟ ಗೂಡು ಖಾಲಿಯಿರಲಿಲ್ಲ. ಅಲ್ಲೊಂದು ವಿಸಿಡಿ ಕೂತಿತ್ತು, ಜೇಡರ ಬಲೆ.

"ಇದೆಲ್ಲಿತ್ತು ರಾಯರೇ?"

"ಗಾಂಧಿ ಬಜಾರ್ ಫುಟ್‌ಪಾತಲ್ಲಿ. ಹೋದೆ, ಕಂಡೆ, ತಗೊಂಡೆ."

"ಕೊಟೇಷನ್?"

ರಾಯರು ನನ್ನನ್ನು ತಿಳಿವಳಿಕೆಯಿಲ್ಲದವನ ಹಾಗೆ ನೋಡಿದರು. "ಅಣ್ಣಾವ್ರಿಗೆ ಯಾರಾದ್ರೂ ಕೊಟೇಷನ್ ಕರೀತಾರೇನ್ರೀ?"