ಮಾನ್ಯ ಫುಟ್‌ಪಾತ್ ಅವರಿಗೆ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ಪೇಟೆಯಲ್ಲೇ ವಾಸವಾಗಿದ್ದೀರಿ ಎಂದು ಕಾಗದಪತ್ರಗಳಲ್ಲಿ ನಮೂದಾಗಿರುವ ಮಾನ್ಯ ಫುಟ್‌ಪಾತ್ ಅವರಲ್ಲಿ ಅರ್ಜಿದಾರನ ವಿನಂತಿ.

ಅರ್ಜಿದಾರ ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರಾಗಿದ್ದವನು. ಮೊನ್ನೆ ಪುಷ್ಯ ಮಳೆಯಲ್ಲಿ ಒಂದು ಸಹಿಗಾಗಿ ಮೊದಲ ಬಸ್ಸು ಹಿಡಿದು ಬಂದ. ಕಚೇರಿ ಯಾವುದೆಂದು ಹೇಳುವುದಿಲ್ಲ. ಅವನಿಗೆ ಅಲ್ಲಿ ಇನ್ನೂ ಕೆಲಸವಿದೆ. ಒಂದೂವರೆ ಗಂಟೆ ಬೆಂಚು ಕಾಯಿಸಿ, ‘ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ’ ಎಂದರು. ಆಗಿನ್ನೂ ಗಂಟೆ ಹನ್ನೊಂದೂಮುಕ್ಕಾಲು. ಬಂದದ್ದಕ್ಕೆ ಪೇಟೆಯಲ್ಲೊಂದು ಸುತ್ತು ಹಾಕೋಣವೆಂದು ತಮ್ಮನ್ನು ಹುಡುಕಿದ. ತಾವೂ ಊಟಕ್ಕೆ ಹೋಗಿದ್ದಿರಿ.

ನಡೆಯಲೆಂದೇ ಕಟ್ಟಿದಂಥ ಪೇಟೆ ಇದು. ಬಸ್ ಸ್ಟ್ಯಾಂಡು, ಹನುಮಂತಪ್ಪ ವೃತ್ತ, ಎಂ.ಜಿ. ರಸ್ತೆಯ ಅಂಗಡಿಸಾಲು, ಮಾರ್ಕೆಟ್ಟು, ಭಾಷಣಗಳಿಗೆ ಹೆಸರಾದ ಆಜಾದ್ ಪಾರ್ಕು, ಹಸಿವಾದರೆ ಟೌನ್ ಕ್ಯಾಂಟೀನಿನ ದೋಸೆ. ಯಾವುದೂ ಆಟೊ ಹತ್ತುವಷ್ಟು ದೂರವಿಲ್ಲ. ಬೀಜ ಹುರಿಯುವ ಕಾಫಿಪುಡಿ ಅಂಗಡಿಗಂತೂ ದಾರಿ ಕೇಳಬೇಕಿಲ್ಲ, ಮೂಗೇ ಕರೆದೊಯ್ಯುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ತಮಗೆ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು. ರೈಟರಿಕೆ ಮಾಡಿದವನಿಗೆ ಅಳೆಯುವ ಚಾಳಿ ಬಿಡುವುದಿಲ್ಲ. ಅರ್ಜಿದಾರ ಕೊಡೆ ಮಡಚಿ ಅಳೆದ. ಒಂದು ಕಡೆ ಎರಡು ಕೊಡೆ ಅಗಲ ಸಿಕ್ಕಿತು. ಅದರಲ್ಲಿ ಒಂದೂವರೆ ಕೊಡೆ ಬೈಕಿನದು. ಹೂವಿನವಳ ಬುಟ್ಟಿ ಅರ್ಧ ಕೊಡೆಯೂ ಇರಲಿಲ್ಲ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯೊಂದಿದೆ, ಬೈಕು ನಿಲ್ಲಿಸುವವನಿಗೆ ಯಾವ ಕಾಯ್ದೆಯ ಆಸರೆಯೂ ಇಲ್ಲ. ಆದರೂ ತೆರವು ಎಂದ ಕೂಡಲೇ ಮೊದಲು ಏಳುವುದು ಬುಟ್ಟಿಯೇ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದಿತು. ಅಂದರೆ ಬದುಕುವ ಹಕ್ಕಿನ ಒಂದು ಪಾಲೂ ಊಟಕ್ಕೆ ಹೋಗಿದೆ.

ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿ ಬಂದಿದೆ. ಶನಿವಾರ ಆ ವಾಹನಗಳ ನಡುವೆ ಎಂ.ಜಿ. ರಸ್ತೆ ದಾಟುವುದಕ್ಕೂ ಹಾಗೊಂದು ಸ್ಲಾಟ್ ಕೊಟ್ಟರೆ ಅರ್ಜಿದಾರ ಹಿಂದಿನ ದಿನವೇ ಬುಕ್ ಮಾಡುತ್ತಾನೆ. ಗಾಂಧೀಜಿ 1930ರಲ್ಲಿ ದಂಡಿ ತಲುಪಲು 24 ದಿನ ನಡೆದರು. ಪುಣ್ಯಕ್ಕೆ ಆ ದಾರಿಯಲ್ಲಿ ಎಂ.ಜಿ. ರಸ್ತೆ ಇರಲಿಲ್ಲ.

ಇದೆಲ್ಲ ಹಾಳಾಗಲಿ, ಆ ಚಪ್ಪಡಿಯ ವಿಷಯ.

ಮೆಡಿಕಲ್ ಶಾಪಿಗೂ ಲೈಟ್ ಕಂಬಕ್ಕೂ ನಡುವೆ ಇದೆ. ಅರ್ಜಿದಾರ ಬಲಗಾಲಿಟ್ಟ. ಆ ತುದಿ ಎದ್ದಿತು, ಈ ತುದಿ ಮುಳುಗಿತು, ಚರಂಡಿ ನೀರು ಮೊಣಕಾಲ ತನಕ ಚಿಮ್ಮಿತು. ‘ಅದು ಹಾಗೇ ಸಾರ್, ಎಡಗಡೆ ಕಾಲಿಡಬೇಕು’ ಎಂದರು ಅಂಗಡಿಯವರು. ಎಲ್ಲರಿಗೂ ಗೊತ್ತಿದೆ! ಸ್ಕೂಲ್ ಹುಡುಗಿಯರು ಹಾರಿ ದಾಟುತ್ತಾರೆ. ಹಾರಲಾಗದ ಅಜ್ಜಿಯೊಬ್ಬರು ಔಷಧದ ಚೀಲ ಹಿಡಿದು ರಸ್ತೆಗೇ ಇಳಿದರು, ಹಿಂದೆ ಜೀಪು ಹಾರ್ನ್ ಬಾರಿಸುತ್ತಿತ್ತು. ಚರಂಡಿಯ ಮುಚ್ಚಳಕ್ಕೆ ಫುಟ್‌ಪಾತ್ ಎಂದು ಹೆಸರಿಟ್ಟಿರಿ, ಹೋಗಲಿ. ಆ ಮುಚ್ಚಳವನ್ನಾದರೂ ನೆಟ್ಟಗೆ ಕೂರಿಸಬಾರದೇ? ಎರಡು ಬಾಂಡ್ಲಿ ಸಿಮೆಂಟು, ಅರ್ಧ ದಿನದ ಕೆಲಸ. ಅಜ್ಜಿ ಬಿದ್ದ ಮೇಲೆ ಹಾಕುತ್ತೀರಾ? ಇಷ್ಟಕ್ಕೊಂದು ಪತ್ರ, ಅದಕ್ಕೊಂದು ವಿಡಂಬನೆ ಬೇರೆ ಕೇಡು.

ಪ್ಯಾಂಟು ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿದೆ, ಮೂರು ದಿನವಾದರೂ ಒಣಗಿಲ್ಲ. ಸಹಿಗಾಗಿ ಸೋಮವಾರ ಮತ್ತೆ ಬರಬೇಕು. ಅಷ್ಟರೊಳಗೆ ತಮ್ಮ ಊಟ ಮುಗಿದಿದ್ದರೆ ತಿಳಿಸುವುದು. ಇಲ್ಲದಿದ್ದರೆ ಅರ್ಜಿದಾರ ಪಂಚೆಯಲ್ಲೇ ಬರುತ್ತಾನೆ, ಎತ್ತಿ ಕಟ್ಟಿಕೊಂಡು.