ಗೋಡೆಯ ಮೇಲಿನ ಜಾಣ

ಅಮೆರಿಕದ ಮನೆಗಳ ಗೋಡೆಗೆ ಒಬ್ಬ ಜಾಣನನ್ನು ಅಂಟಿಸಿದ್ದಾರೆ. ಹೆಸರು ಸ್ಮಾರ್ಟ್ ಥರ್ಮೋಸ್ಟಾಟ್. ಮನೆಯ ಬಿಸಿ-ತಂಪು ನೋಡಿಕೊಳ್ಳುವುದು ಅವನ ಕೆಲಸ. ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಯಾವಾಗ ಮನೆ ಬಿಡುತ್ತೀರಿ, ಎಲ್ಲ ಅವನಿಗೆ ಗೊತ್ತು. ಹಿಮ ಬೀಳುವ ಬೆಳಗ್ಗೆ ನೋಡಿದರೆ ಅವನೇ ಎದ್ದಿಲ್ಲ.

ಪರದೆ ಕಪ್ಪು. ಇಲ್ಲವೇ ಲೋಗೊ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೆಳಗೆ ಬೇಸ್‌ಮೆಂಟಿನಲ್ಲಿ ಮನೆ ಕಾಯಿಸುವ ಫರ್ನೇಸ್ ಗಟ್ಟಿಮುಟ್ಟಾಗಿದೆ. ಗ್ಯಾಸ್ ಇದೆ, ಕರೆಂಟ್ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡುತ್ತಿಲ್ಲ. ಊರಿನಿಂದ ಮಗನ ಮನೆಗೆ ಬಂದ ಅಮ್ಮ ಎರಡು ಶಾಲು ಹೊದ್ದು ಕೂತಿದ್ದಾರೆ.

ಈಗ ಸಹಾಯವಾಣಿಯ ಉಪದೇಶ ಕೇಳಿ. ಬ್ರೇಕರ್ ನೋಡಿ. ಫರ್ನೇಸಿನ ಸ್ವಿಚ್ ನೋಡಿ. ಅದರ ಬಾಗಿಲು ಸರಿಯಾಗಿ ಕೂತಿದೆಯೇ ನೋಡಿ. ಒಳಗಿನ ಬೋರ್ಡಿನ ಫ್ಯೂಸ್ ಸುಟ್ಟಿದೆಯೇ ನೋಡಿ. ಎಸಿ ನೀರು ಹೋಗುವ ಪೈಪ್ ಕಟ್ಟಿಕೊಂಡಿದೆಯೇ ನೋಡಿ. ಗೋಡೆಯಿಂದ ಕಿತ್ತು ವೈರುಗಳನ್ನು ನೋಡಿ. ಯುಎಸ್‌ಬಿ ಇದ್ದರೆ ಚಾರ್ಜಿಗೆ ಹಾಕಿ ಕಾಯಿರಿ. ದುಡ್ಡು ಕೊಟ್ಟವನೇ ಬಿಟ್ಟಿ ಎಲೆಕ್ಟ್ರಿಷಿಯನ್. ಇಷ್ಟೆಲ್ಲ ಆದ ಮೇಲೆ ಕೊನೆಯ ಅಪ್ಪಣೆ: ತಜ್ಞರನ್ನು ಕರೆಸಿ. ಬಿಲ್ ಯಾರದು? ನಿಮ್ಮದೇ.

ಎಷ್ಟೋ ಸಲ ರೋಗದ ಮೂಲ ಒಂದು ವೈರು. 24 ವೋಲ್ಟ್ ಕರೆಂಟ್ ಸದಾ ಸಿಗಬೇಕಾದರೆ ‘ಸಿ’ ವೈರ್ ಬೇಕು. ಅನೇಕ ಹಳೆಯ ಮನೆಗಳಲ್ಲಿ ಅದಿಲ್ಲ. ಇಲ್ಲದಿದ್ದರೂ ನಡೆಯುತ್ತದೆ ಎಂದೇ ಕೆಲವು ಕಂಪನಿಗಳು ಮಾರಿದವು. ನಡೆಯುವುದು ಹೇಗೆ? ಫರ್ನೇಸಿಗೂ ಎಸಿಗೂ ಹೋಗುವ ವೈರುಗಳಿಂದ ಚೂರುಚೂರು ಕರೆಂಟ್ ಕದ್ದು. ಕಳವು ಗಿಟ್ಟದ ದಿನ ಬ್ಯಾಟರಿ ಖಾಲಿ. ನಿಮ್ಮ ಕರೆಂಟ್ ಉಳಿಸಲು ಬಂದ ಮಹಾಶಯನಿಗೆ ತನ್ನ ಕರೆಂಟಿಗೇ ಗತಿಯಿಲ್ಲ.

ಹಿಂದೆ ಹೀಗಿರಲಿಲ್ಲ. 1953ರಲ್ಲಿ ಹನಿವೆಲ್ ಕಂಪನಿಯ ‘ರೌಂಡ್’ ಥರ್ಮೋಸ್ಟಾಟ್ ಬಂತು. ಒಳಗೆ ಬಿಸಿ-ತಂಪಿಗೆ ಬಾಗುವ ಲೋಹದ ಸುರುಳಿ. ಬ್ಯಾಟರಿ ಬೇಡ, ವೈಫೈ ಬೇಡ, ಪಾಸ್‌ವರ್ಡ್ ಬೇಡ. ತಿರುಗಿಸಿದರೆ ಮನೆ ಬೆಚ್ಚಗಾಗುತ್ತಿತ್ತು. ಅದು ದಡ್ಡ ಎಂದು ಕಿತ್ತೆಸೆದರು.

ಜಾಣರ ಚರಿತ್ರೆಯನ್ನೂ ನೋಡಿ. 2014ರಲ್ಲಿ ಗೂಗಲ್ 320 ಕೋಟಿ ಡಾಲರಿಗೆ, ಇಂಥ ಜಾಣರನ್ನು ಮಾಡುವ ನೆಸ್ಟ್ ಕಂಪನಿಯನ್ನು ಕೊಂಡಿತು. 2016ರ ಜನವರಿಯ ಚಳಿಯಲ್ಲಿ, ನೆಸ್ಟ್ ತಾನೇ ಕಳಿಸಿದ ಅಪ್‌ಡೇಟಿನ ದೋಷದಿಂದ ಬ್ಯಾಟರಿಗಳು ಬರಿದಾಗಿ ಮನೆಗಳು ತಣ್ಣಗಾದವು. ಬಳಕೆದಾರ ಏನೂ ಮುಟ್ಟಿರಲಿಲ್ಲ. ಸರಿಪಡಿಸುವ ಕೆಲಸ ಮಾತ್ರ ಅವನ ಪಾಲಿಗೆ.

2025ರ ಅಕ್ಟೋಬರ್‌ನಲ್ಲಿ ಮೊದಲ ಎರಡು ಪೀಳಿಗೆಯ ನೆಸ್ಟ್‌ಗಳ ಆಪ್ ನಂಟನ್ನೇ ಗೂಗಲ್ ಕತ್ತರಿಸಿತು. ಅಪ್‌ಡೇಟ್ ಬಂದ್. ಗೋಡೆಯ ಮೇಲೆ ಕೈಯಿಂದ ತಿರುಗಿಸಿಕೊಳ್ಳಬಹುದಂತೆ. ಅಂದರೆ ಹೆಚ್ಚುಕಡಿಮೆ ‘ರೌಂಡ್’ ಮಾಡುತ್ತಿದ್ದ ಕೆಲಸ, ಹತ್ತು ಪಟ್ಟು ಆಡಂಬರದಲ್ಲಿ. ಯಂತ್ರ ಕೆಟ್ಟಿರಲಿಲ್ಲ. ಕಂಪನಿಗೆ ಬೇಸರ ಬಂದಿತ್ತು. ಒಂದು ಕೈಯಲ್ಲಿ ಪರಿಸರ ಉಳಿಸಿ ಎಂಬ ಜಾಹೀರಾತು. ಇನ್ನೊಂದು ಕೈಯಲ್ಲಿ ಹೊಸದು ಕೊಳ್ಳಲು ರಿಯಾಯಿತಿ. ಹಳೆಯದು ಯಾರ ಕಸದ ಗುಡ್ಡಕ್ಕೆ? ಜಾಹೀರಾತು ಹೇಳುವುದಿಲ್ಲ.

ಬ್ರೇಕ್ ಇಲ್ಲದ ಕಾರು ಮಾರಲು ಯಾವ ಸರ್ಕಾರವೂ ಬಿಡುವುದಿಲ್ಲ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮನೆ ಬೆಚ್ಚಗಿಡುವ ಯಂತ್ರಕ್ಕೆ, ತಾನು ಸತ್ತರೂ ಫರ್ನೇಸ್ ಹೊತ್ತಿಸುವ ಒಂದು ಸಾದಾ ಗುಂಡಿ ಕಡ್ಡಾಯ ಮಾಡಲು ಏನು ಕಷ್ಟ?

ಆ ಕಾನೂನು ಬರುವ ತನಕ ಅಂಗಡಿಯವನಿಗೆ ಮೂರೇ ಪ್ರಶ್ನೆ ಕೇಳಿ. ‘ಸಿ’ ವೈರ್ ಇಲ್ಲದೆ ಚಳಿಗಾಲ ದಾಟುತ್ತದೆಯೇ? ನೆಟ್ ಇಲ್ಲದೆ ನಡೆಯುತ್ತದೆಯೇ? ಎಷ್ಟು ವರ್ಷ ಅಪ್‌ಡೇಟ್ ಕೊಟ್ಟು ಸಾಕುತ್ತೀರಿ? ಅವನು ತಡವರಿಸಿದರೆ ಜಾಣನನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.