ಶುದ್ಧಪ್ರತಿ ಮೀಮಾಂಸೆ: ಚೌಳಹಿರಿಯೂರು ಸೀಮೆಯ ಗೇಮ್-ಮಾಡ್ ಸಂಕಥನದ ನೆಲೆಗಳು ಮತ್ತು ಆಯಾಮಗಳು (ಒಂದು ತೌಲನಿಕ ಅಧ್ಯಯನ)

1. ಪೀಠಿಕೆ

ಪ್ರಸ್ತುತ ಅಧ್ಯಯನವು ಕಡೂರು ತಾಲ್ಲೂಕಿನ ಚೌಳಹಿರಿಯೂರು ಸೀಮೆಯಲ್ಲಿ ಕಂಪ್ಯೂಟರ್ ಆಟಗಳಿಗೆ ಮಾಡ್ ಎಂಬ ಹೊರಗಿನ ಸೇರ್ಪಡೆಗಳನ್ನು ಹಾಕಿಕೊಳ್ಳುವ ಹುಡುಗರು, ಪರೀಕ್ಷಾರ್ಥವಾಗಿ ಆಟದ ಶುದ್ಧಪ್ರತಿಯೊಂದನ್ನು ಪ್ರತ್ಯೇಕವಾಗಿ ಕಾಪಿಟ್ಟುಕೊಳ್ಳತಕ್ಕದ್ದು ಎಂಬ ಯಜಮಾನ ಸಂಕಥನದೊಂದಿಗೆ ನಡೆಸುವ ಅನುಸಂಧಾನವನ್ನು ಬಹುಮುಖಿ ನೆಲೆಗಳಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯವನ್ನು ಉಸಿರು ಕಟ್ಟದೆ ಓದಿ ಮುಗಿಸಿದವರು ವಿಚಾರಸಂಕಿರಣದ ಪ್ರಮಾಣಪತ್ರಕ್ಕೂ ಮಧ್ಯಾಹ್ನದ ಊಟಕ್ಕೂ ಅರ್ಹರು.

1.1 ವ್ಯಾಪ್ತಿ: ಚೌಳಹಿರಿಯೂರು, ನೆಟ್‌ವರ್ಕ್ ಸಿಕ್ಕ ದಿನ ಅಜ್ಜಂಪುರದವರೆಗೆ.
1.2 ಮಿತಿ: ಡಿಸ್ಕಿನಲ್ಲಿ ಜಾಗವಿಲ್ಲ.
1.3 ಪೂರ್ವಾಧ್ಯಯನ ಸಮೀಕ್ಷೆ: ಈ ವಿಷಯವಾಗಿ ಈವರೆಗೆ ಯಾರೂ ಅಧ್ಯಯನ ಮಾಡಿರುವುದಿಲ್ಲ. ಮಾಡುವ ಅಗತ್ಯ ಯಾರಿಗೂ ಬೀಳಲಿಲ್ಲ ಎಂಬ ಸಾಧ್ಯತೆಯನ್ನು ಮಾರ್ಗದರ್ಶಕರು ಪರಿಶೀಲಿಸಲಿಲ್ಲ.

2. ಪರಿಕಲ್ಪನಾತ್ಮಕ ಚೌಕಟ್ಟು

ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಬಿಡುಗಡೆ ಮಾಡಿದ ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟವಿದೆ. ಅದರಲ್ಲಿ ಯುರೋಪಿನ ಲಾರಿಗಳನ್ನು ಯುರೋಪಿನ ರಸ್ತೆಗಳಲ್ಲಿ ಓಡಿಸಬೇಕು. ನಮ್ಮ ಹುಡುಗನಿಗೆ ಬೇಕಾದ್ದು ಕೆಂಪು ಬಸ್ಸು. ಯಾರೋ ಪುಣ್ಯಾತ್ಮ ಕೆಎಸ್‌ಆರ್‌ಟಿಸಿ ಬಸ್ಸನ್ನು ಮಾಡಿ ಹಂಚಿದ್ದಾನೆ. ಫೈಲನ್ನು ಡಾಕ್ಯುಮೆಂಟ್ಸ್ ಒಳಗಿನ ಮಾಡ್ ಫೋಲ್ಡರಿಗೆ ಹಾಕಿ, ಆಟದ ಮಾಡ್ ಮ್ಯಾನೇಜರಿನಲ್ಲಿ ಟಿಕ್ ಮಾಡಿದರೆ, ಕಡೂರು ಬೋರ್ಡಿನ ಬಸ್ಸು ಬರ್ಲಿನ್ನಿನ ಸಿಗ್ನಲ್ಲಿನಲ್ಲಿ ನಿಂತು ಹಾರನ್ ಹೊಡೆಯುತ್ತದೆ. ಮಾರನೆಯ ದಿನ ಆಟ ಅರ್ಧಕ್ಕೇ ಮುಚ್ಚಿಕೊಂಡು ಡೆಸ್ಕ್‌ಟಾಪ್ ತೋರಿಸುತ್ತದೆ.

ತಪ್ಪು ಯಾರದು? ಬಸ್ಸಿನದೋ, ಅದರ ಜೊತೆ ಹಾಕಿದ ರಸ್ತೆಯ ಮಾಡ್‌ನದೋ, ರಾತ್ರಿ ತಾನೇ ಅಪ್‌ಡೇಟ್ ಆದ ಆಟದ್ದೋ? ಏನನ್ನೂ ಸೇರಿಸದ ಇನ್ನೊಂದು ಪ್ರತಿ ಪಕ್ಕದಲ್ಲಿದ್ದರೆ ಗೊತ್ತಾಗುತ್ತದೆ. ಅದೂ ಮುಚ್ಚಿಕೊಂಡರೆ ತಪ್ಪು ಮಾಡ್‌ನದಲ್ಲ, ಇಲ್ಲದಿದ್ದರೆ ಮಾಡ್‌ನದು. ಸಂಗತಿ ಇಷ್ಟೇ. ಇಷ್ಟೇ ಎಂದು ಬರೆದರೆ ಪಿಎಚ್.ಡಿ. ಸಿಗದ ಕಾರಣ ವರ್ಗೀಕರಣ ಅನಿವಾರ್ಯ.

3. ವರ್ಗೀಕರಣ

3.1 ಮಡಿಪ್ರತಿ. ಆಟ ಮಾರುವ ಸ್ಟೀಮ್ ತಾಣದಿಂದ ಇಳಿದಂತೆಯೇ ಉಳಿದದ್ದು. ಇದನ್ನು ಮುಟ್ಟುವಂತಿಲ್ಲ, ಆಡುವ ಮಾತಂತೂ ಇಲ್ಲವೇ ಇಲ್ಲ.

3.2 ಪರೀಕ್ಷಾಪ್ರತಿ. ಮಡಿಪ್ರತಿಯ ನಕಲು. ಒಂದೊಂದೇ ಮಾಡ್ ಹಾಕಿ ನೋಡುವುದು ಇಲ್ಲಿ. ಈಗಾಗಲೇ 64 ಮಾಡ್ ತುಂಬಿಕೊಂಡವರು ‘ದ್ವಿಭಾಜಕ ನಿರಸನ ಪದ್ಧತಿ’ಯನ್ನು ಅನುಸರಿಸತಕ್ಕದ್ದು: 32 ತೆಗೆದು ನೋಡಿ, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ. ತಪ್ಪು ಒಂದೇ ಮಾಡ್‌ನದಾದರೆ ಆರು ಸಲದಲ್ಲಿ ಕಳ್ಳ ಸಿಗುತ್ತಾನೆ. ಎರಡು ಮಾಡ್‌ಗಳ ಜಗಳವಾದರೆ ಈ ಲೆಕ್ಕ ಕೈಕೊಡುತ್ತದೆ.

3.3 ಭೋಗಪ್ರತಿ. ನಿಜವಾಗಿ ಆಡುವುದು. ವಿದ್ವಾಂಸರಿಗೆ ಇದರಲ್ಲಿ ಆಸಕ್ತಿಯಿಲ್ಲ.

3.4 ಮಿಥ್ಯಾಮಡಿಪ್ರತಿ. ಶುದ್ಧವೆಂದು ನಂಬಿಸಿ ಮೋಸ ಮಾಡುವಂಥದ್ದು. ಸ್ಟೀಮ್‌ನಲ್ಲಿ ಆಟ ತೆಗೆದುಹಾಕಿದರೂ ನಾವು ಸೇರಿಸಿದ ಫೈಲುಗಳು ಹಳೆಯ ಫೋಲ್ಡರಿನಲ್ಲೇ ಕೂತಿರುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಹಾಜರ್. ‘ವೆರಿಫೈ’ ಒತ್ತಿದರೆ ಸ್ಟೀಮ್ ತನ್ನ ಫೈಲುಗಳನ್ನು ಮಾತ್ರ ರಿಪೇರಿ ಮಾಡುತ್ತದೆ, ಹೊರಗಿನಿಂದ ಬಂದವುಗಳ ತಂಟೆಗೆ ಹೋಗುವುದಿಲ್ಲ. ಸ್ಕೈರಿಮ್ ಆಟವನ್ನು ಎರಡು ಫೋಲ್ಡರಿಗೆ ನಕಲು ಮಾಡಿದರೂ ಸೇವ್‌ಗಳು, ಸೆಟ್ಟಿಂಗ್ ಫೈಲುಗಳು ‘ಮೈ ಗೇಮ್ಸ್’ ಎಂಬ ಒಂದೇ ಜಾಗದಲ್ಲಿ ಸೇರುತ್ತವೆ. ಮಡಿ ಮೈಲಿಗೆ ಎರಡೂ ಒಂದೇ ಕೊಳಗದ ನೀರು. ಟ್ರಕ್ ಆಟದಲ್ಲಿ ‘ಹೋಮ್‌ಡಿರ್’ ಎಂಬ ಲಾಂಚ್ ಆಯ್ಕೆ ಕೊಟ್ಟು ಬೇರೆ ಫೋಲ್ಡರ್ ತೋರಿಸಿದರೆ ಈ ಸೋರಿಕೆ ನಿಲ್ಲುತ್ತದೆ.

3.5 ಅರ್ಧಮಡಿ, ಒದ್ದೆಮಡಿ, ಆಪದ್ಧರ್ಮಮಡಿ ಎಂಬ ಉಪವರ್ಗಗಳು, ಅವುಗಳ ತಲಾ ಮೂರು ಪ್ರಭೇದಗಳು... ಸಾಕು. ಫೋಲ್ಡರಿಗೊಂದು ಹೆಸರಿಟ್ಟರೆ ಮುಗಿಯುವ ಕೆಲಸ ಇದು.

4. ತೌಲನಿಕ ನೆಲೆ

ಪ್ರತ್ಯೇಕವಾಗಿ ಇಟ್ಟು ಶುದ್ಧತೆ ಕಾಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನದ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. 1860ರಲ್ಲಿ ಖರ್ಚು ಉಳಿಸಲೆಂದು ಸರ್ಕಾರ ಹಿಂಡನ್ನು ಮಾರಿತು. ತಳಿ ಕೈತಪ್ಪಿತೆಂದು ಗಾಬರಿಯಾಗಿ 1866ರಲ್ಲಿ ಮತ್ತೆ ಕಟ್ಟಿತು. ಬ್ಯಾಕಪ್ ಅಳಿಸಿ ಆಮೇಲೆ ತಲೆ ಚಚ್ಚಿಕೊಳ್ಳುವ ಪರಂಪರೆ ಅಷ್ಟು ಹಳೆಯದು.

ಇಲ್ಲಿ ಎರಡು ಅಂಶ ಗಮನಾರ್ಹ. ಒಂದು, ಶುದ್ಧವೆಂದು ಕಾಯುವ ಈ ತಳಿಯೇ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳ ಬೆರಕೆಯಿಂದ ಬಂದದ್ದು. ಎರಡು, ಬೇರೆಯಾಗಿ ಮೇಯಿಸಲು ಕಾವಲು ಎಂಬ ಮೀಸಲು ಹುಲ್ಲುಗಾವಲು ಬೇಕು, ಕಾವಲಿಗೆ ನೆಲ ಬೇಕು. ಆ ನೆಲ ಕರಗುತ್ತಲೇ ಬಂದಿದೆ. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಅಮೃತಮಹಲ್ ಕಾವಲು ರಕ್ಷಣೆ, ಅಣುಶಕ್ತಿ ಸಂಸ್ಥೆಗಳ ಪಾಲಾಗಿ, ಅಲ್ಲಿ ಕುರಿ ಮೇಯಿಸುತ್ತಿದ್ದವರು ಬೇಲಿಯಾಚೆ ನಿಂತರು. ಬೇರೆ ಇಡಬೇಕೆಂದು ಹೇಳುವುದು ಸುಲಭ. ಇಡುವುದಕ್ಕೆ ಜಾಗ ಯಾರ ಹತ್ತಿರ ಇದೆ ಎಂದು ಕೇಳುವವರು ಕಡಿಮೆ.

5. ಕ್ಷೇತ್ರಕಾರ್ಯ

ಅಧ್ಯಯನದ ಮಾಹಿತಿದಾರ ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗ. ಆಟ ಮುಚ್ಚಿಕೊಳ್ಳುತ್ತಿದೆ ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಬಲ್ಲವರನ್ನು ಕೇಳಿದ. ಬಂದ ಉತ್ತರ: ‘ಮೊದಲು ಕ್ಲೀನ್ ಇನ್‌ಸ್ಟಾಲ್‌ನಲ್ಲಿ ಪರೀಕ್ಷಿಸಿ.’ ಇನ್ನೊಂದು ತೊಂದರೆ ಕೇಳಿದ, ಅದೇ ಉತ್ತರ. ಅವನು ಕಳಿಸಿದ ಲಾಗ್ ಫೈಲನ್ನು ಯಾರೂ ತೆರೆಯಲಿಲ್ಲ. ಆಟ ಪ್ರತಿ ಸಲವೂ ಏನು ಸಿಕ್ಕಲಿಲ್ಲ, ಎಲ್ಲಿ ಎಡವಿದೆ ಎಂದು ಅದರಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಓದಲು ಐದು ನಿಮಿಷ ಬೇಕು. ಮಡಿ ಹೇಳಲು ಅಷ್ಟೂ ಬೇಡ.

ಲೆಕ್ಕ ಹಾಕೋಣ. ಫಾಲ್‌ಔಟ್ 4 ಆಟಕ್ಕೆ ಕಂಪನಿಯೇ ಹೇಳುವ ಜಾಗ 30 ಜಿಬಿ. ಮೂರು ಪ್ರತಿಗೆ 90. ಹುಡುಗನ ಲ್ಯಾಪ್‌ಟಾಪಿನ 256 ಜಿಬಿಯಲ್ಲಿ ವಿಂಡೋಸ್, ಅಕ್ಕನ ಮದುವೆಯ ವಿಡಿಯೋ, ಕಾಲೇಜಿನ ಪ್ರಾಜೆಕ್ಟು ಎಲ್ಲ ಇರಬೇಕು. ಫೋಲ್ಡರ್ ನಕಲು ಮಾಡುವುದಕ್ಕೆ ಡೇಟಾ ಬೇಡ, ಜಾಗವೊಂದಿದ್ದರೆ ಆಯಿತು. ಮಡಿಪ್ರತಿ ಕೆಟ್ಟು ಮತ್ತೆ ಇಳಿಸಬೇಕಾದರೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ 20 ದಿನ. ಅಷ್ಟೂ ದಿನ ಮನೆಯವರು ಬೇರೇನೂ ನೋಡಬಾರದು.

ಇಷ್ಟೆಲ್ಲ ಕಾದ ಮಡಿ ಉಳಿಯುತ್ತದೆಯೇ? 2024ರ ಏಪ್ರಿಲ್ 25ರಂದು ಫಾಲ್‌ಔಟ್ 4ಕ್ಕೆ ದೊಡ್ಡ ಅಪ್‌ಡೇಟ್ ಬಂತು. ಎಷ್ಟೋ ಮಾಡ್‌ಗಳು ಮುರಿದವು. ವರ್ಷಗಟ್ಟಲೆ ದುಡಿದು ‘ಫಾಲ್‌ಔಟ್ ಲಂಡನ್’ ಎಂಬ ಮಾಡ್ ಕಟ್ಟಿದ್ದ ತಂಡ ಬಿಡುಗಡೆಯನ್ನು ಏಪ್ರಿಲ್‌ನಿಂದ ಜುಲೈಗೆ ದೂಡಿತು. ಅದನ್ನು ಆಡಲು ಆಟವನ್ನು ಹಳೆಯ ಆವೃತ್ತಿಗೆ ಇಳಿಸಿಕೊಳ್ಳಬೇಕಾಯಿತು. 2021ರ ನವೆಂಬರ್ 11ರಂದು ಸ್ಕೈರಿಮ್‌ಗೂ ಇದೇ ಆಗಿತ್ತು. ಶುದ್ಧಪ್ರತಿಯನ್ನು ರಾತ್ರೋರಾತ್ರಿ ಬದಲಿಸಿದ್ದು ಆಡುವವರಲ್ಲ, ಅದನ್ನು ಮಾರಿದವರೇ. ಆಗ ಯಾರೂ ಮೈಲಿಗೆ ಅನ್ನಲಿಲ್ಲ. ಹಳ್ಳಿಯ ಹುಡುಗ ಬಸ್ಸೊಂದು ಸೇರಿಸಿದರೆ ಮಾತ್ರ ಪ್ರಾಯಶ್ಚಿತ್ತ ವಿಧಿಸುತ್ತಾರೆ. ಇದು ಸಲಹೆಯೇ? ಬಾಗಿಲಲ್ಲೇ ನಿಲ್ಲಿಸಿ ಕುಲಗೋತ್ರ ಕೇಳುವ ಬುದ್ಧಿ ಇದು.

6. ಉಪಸಂಹಾರ

ಇಲ್ಲಿಗೆ ಪರಿಭಾಷೆ ಮುಗಿಯಿತು. ನನ್ನ ಚಿಂತೆ ಬೇರೆಯದು. ಆ ಕೆಂಪು ಬಸ್ಸನ್ನು ಮಾಡಿದವನೂ ಇಂಥದೇ ಯಾವುದೋ ಊರಿನ ಹುಡುಗ. ಬಸ್ಸಿನ ಮೈ ಎಂದರೆ ಚಪ್ಪಟೆಯಾಗಿ ಹಾಸಿದ ಒಂದು ಚಿತ್ರ. ಅದರ ಮೇಲೆ ಅವನು ಕೆಂಪು ಪಟ್ಟಿ ಬಳಿದು, ಮುಂದಿನ ಬೋರ್ಡಿನಲ್ಲಿ ಕನ್ನಡದಲ್ಲಿ ಊರಿನ ಹೆಸರು ಬರೆದು, ಕಿಟಕಿಯ ಕೆಳಗೆ ಚಿಮ್ಮಿದ ಕೆಸರಿನ ಕಲೆ ಕೂಡ ಕೂರಿಸಿರುತ್ತಾನೆ. ಫೈಲನ್ನು ಯಾವುದೋ ಬಿಟ್ಟಿ ತಾಣಕ್ಕೆ ಏರಿಸಿರುತ್ತಾನೆ. ಇನ್ಯಾರೋ ಅದನ್ನು ತನ್ನ ಹೆಸರಿನಲ್ಲಿ ಹಂಚುತ್ತಾನೆ. ಕೆಲಸ ಸಿಕ್ಕಿ ಮೂಲದವನು ಬೆಂಗಳೂರಿಗೆ ಹೋಗುತ್ತಾನೆ, ಲಿಂಕು ಸಾಯುತ್ತದೆ, ಬಸ್ಸು ಹೋಯಿತು. ಪ್ರಾಗ್‌ನ ಆಟವನ್ನು ಕಾಯಲು ಒಂದು ಕಂಪನಿಯಿದೆ. ಎಷ್ಟು ಸಲ ಬೇಕಾದರೂ ಮತ್ತೆ ಇಳಿಸಬಹುದು. ಈ ಬಸ್ಸನ್ನು ಕಾಯುವವರು ಯಾರೂ ಇಲ್ಲ. ಶುದ್ಧವಾಗಿ ಬೇರೆ ಇಡಬೇಕಾದ್ದು ಯಾವುದು ಎಂದು ನಾವು ತಿರುಗಾಮುರುಗಾ ತಿಳಿದಿದ್ದೇವೆ.

ನಿಯಮದ ಪ್ರಕಾರ ಇಲ್ಲಿ ‘ಮುಂದಿನ ಸಂಶೋಧನೆಗೆ ವಿಪುಲ ಅವಕಾಶವಿದೆ’ ಎಂದು ಬರೆಯಬೇಕು. ಸಂಶೋಧನೆ ಬೇಡ, ಇಷ್ಟು ಮಾಡಿ. ಜಾಗವಿದ್ದರೆ ಆಟದ ಒಂದು ನಕಲನ್ನು ಮುಟ್ಟದೆ ಇಡಿ. ಇಲ್ಲದಿದ್ದರೆ ಮಾಡ್‌ಗಳನ್ನೆಲ್ಲ ಆಫ್ ಮಾಡಿ, ಹೊಸ ಪ್ರೊಫೈಲಿನಲ್ಲಿ ಒಂದೊಂದೇ ಹಾಕಿ ನೋಡಿ. ಇಳಿಸಿಕೊಂಡ ಪ್ರತಿ ಮಾಡ್‌ನ ಜಿಪ್ ಫೈಲನ್ನು, ಮಾಡಿದವನ ಹೆಸರು ಮತ್ತು ಆಟದ ಆವೃತ್ತಿ ಬರೆದು, ಪೆನ್‌ಡ್ರೈವಿನಲ್ಲಿ ಎತ್ತಿಡಿ. ಉತ್ತರ ಕೊಡುವ ಪಂಡಿತರೇ, ನೀವು ಮೊದಲು ಲಾಗ್ ಓದಿ. ಆಮೇಲೆ ಡಿಸ್ಕಿನಲ್ಲಿ ಎಷ್ಟು ಜಾಗವಿದೆಯಪ್ಪ ಎಂದು ಕೇಳಿ. ಮಡಿಯ ಮಾತು ಅದಾದ ಮೇಲೆ ಬೇಕಿದ್ದರೆ ಹೇಳಿ.